ಸೊನ್ನೆ ರೂಪಾಯಿಯ ಆಯಿಲ್ ಸೀಲು

ಮನೆಗೆ ಮೋಟಾರು ಕಾರು ಬಂದಾಗ ಅದರ ಜೊತೆಗೆ ಒಂದು ಸಣ್ಣ ಪುಸ್ತಕವೂ ಬರುತ್ತದೆ. ಗಾಡಿಗೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆಯುವ ಗಡಿಬಿಡಿಯಲ್ಲಿ ಆ ಪುಸ್ತಕವನ್ನು ಯಾರು ಓದುತ್ತಾರೆ? ಅದು ಕಾರಿನ ಮುಂಭಾಗದ ಗೂಡಿನೊಳಗೆ ಸೇರಿಕೊಳ್ಳುತ್ತದೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಹದಿನಾಲ್ಕು ತಿಂಗಳ ತರುವಾಯ ಅದನ್ನು ಹೊರಗೆ ತೆಗೆದು, ಕನ್ನಡಕ ಏರಿಸಿಕೊಂಡು, ಒಂದೊಂದೇ ಸಾಲನ್ನು ಓದಬೇಕಾದ ಪ್ರಸಂಗ ಬಂದಿತು. ಹೊಟ್ಟೆಪಾಡಿಗೆಂದು ಊರು ಬಿಟ್ಟು ಹೈದರಾಬಾದಿನಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಕಾರು ಈಗ ಅಪರೂಪದ ವಸ್ತುವಲ್ಲ. ಆದ್ದರಿಂದ ಆ ಪ್ರಸಂಗವನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ನಾವು ಕಾಚಿಗೂಡದಲ್ಲಿರುವವರು, ಮೂಲ ರಾಯಚೂರು. 1956ಕ್ಕೆ ಮೊದಲು ರಾಯಚೂರು, ಗುಲ್ಬರ್ಗ, ಬೀದರ ಮೂರೂ ಹೈದರಾಬಾದು ರಾಜ್ಯದಲ್ಲಿಯೇ ಇದ್ದುವಷ್ಟೆ. ಹೀಗಾಗಿ ನಮ್ಮ ಅಜ್ಜನಿಗೆ ಇದು ಪರಸ್ಥಳವಾಗಿರಲಿಲ್ಲ, ರಾಜಧಾನಿಯಾಗಿತ್ತು. ಅವರು ನೌಕರಿಗೆ ಬಂದರು, ನಾವು ಉಳಿದೆವು. ನನ್ನ ಹೆಂಡತಿ ಗಣಿತದ ಶಿಕ್ಷಕಿ. ಘಟಕೇಸರದ ಕಡೆಯ ಶಾಲೆಯೊಂದರಲ್ಲಿ ಆಕೆಗೆ ಕೆಲಸ ದೊರೆತಾಗ, ದಿನವೂ ಎರಡು ಬಸ್ಸು ಹಿಡಿದು ಹೋಗಿ ಬರುವ ಪಾಡು ನೋಡಲಾರದೆ 2022ರ ಜೂನಿನಲ್ಲಿ ಬ್ಯಾಂಕಿನ ಸಾಲದ ಮೇಲೆ ಒಂದು ಸಣ್ಣ ಕಾರು ಕೊಂಡೆವು. ಬೆಲೆ ಏಳು ಲಕ್ಷದ ಆಸುಪಾಸು. ನನಗೆ ಸ್ಕೂಟರಿನ ಹೊರತು ಬೇರೆ ಏನನ್ನೂ ನಡೆಸಲು ಬಾರದು. ಕಾರು ನಡೆಸುವವಳು ಆಕೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

2023ರಲ್ಲಿ ಅಧಿಕ ಶ್ರಾವಣ ಬಂದಿತ್ತಲ್ಲವೆ? ನಿಜ ಶ್ರಾವಣದ ವರಮಹಾಲಕ್ಷ್ಮಿಗೆಂದು, ಆಗಸ್ಟ್ 24ರ ಬೆಳಿಗ್ಗೆ, ಅವ್ವನನ್ನೂ ಮಕ್ಕಳನ್ನೂ ಕೂಡಿಸಿಕೊಂಡು ರಾಯಚೂರಿಗೆ ಹೊರಟೆವು. ಶಾದನಗರದವರೆಗೆ ಎಲ್ಲವೂ ಸುಸೂತ್ರ. ಜಡ್ಚರ್ಲ ಹತ್ತಿರವಾದಂತೆ ಗಾಡಿಯ ನಡತೆ ಬದಲಾಯಿತು. ಎಕ್ಸಲರೇಟರು ಒತ್ತಿದರೆ ಎಂಜಿನ್ನು ಮಾತ್ರ ಹೂಂಕರಿಸುತ್ತದೆ, ಗಾಡಿ ಮುಂದಕ್ಕೆ ಏಳುವುದಿಲ್ಲ. ಸ್ವಲ್ಪ ಏರು ಬಂದರೆ ಲಾರಿಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿವೆ. ಒಳಗೆಲ್ಲ ಸುಟ್ಟ ವಾಸನೆ. ಹಿಂದಿನ ಸೀಟಿನಿಂದ ಅವ್ವ, “ಯಾರ್ ಮನ್ಯಾಗರ ಹಾಲು ಉಕ್ಕಿ ಹೊತ್ಯಾವೇನೋ ತಮ್ಮಾ” ಎಂದಳು. ಹೆದ್ದಾರಿಯ ಮೇಲೆ ಯಾರ ಮನೆ? ಗಾಡಿಯನ್ನು ತಿರುಗಿಸಿಕೊಂಡು, ಎತ್ತಿನ ಬಂಡಿಯ ವೇಗದಲ್ಲಿ ಸಂಜೆಗೆ ಮನೆ ಸೇರಿದೆವು. ಹಬ್ಬ ಕಾಚಿಗೂಡದಲ್ಲಿಯೇ ಆಯಿತು.

ಮರುದಿನ ಗಾಡಿಯನ್ನು ಕಂಪನಿಯ ಅಧಿಕೃತ ವರ್ಕ್‌ಶಾಪಿಗೆ ಒಯ್ಯಿಸಿದೆ. ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಇಂಥ ಮಾತು ಎಲ್ಲಿಯಾದರೂ ಕೇಳಿಬರತಕ್ಕದ್ದೆ. ಮಧ್ಯಾಹ್ನ ಅಲ್ಲಿಯ ಸರ್ವಿಸ್ ಅಡ್ವೈಸರು ಫೋನು ಮಾಡಿದ. ಕ್ಲಚ್ ಪ್ಲೇಟು ಸುಟ್ಟುಹೋಗಿದೆ. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಬದಲಿಸಬೇಕು. ಹದಿನೆಂಟು ಹತ್ತೊಂಬತ್ತು ಸಾವಿರ ಆದೀತು. “ವಾರಂಟಿ ಇದೆಯಲ್ಲಪ್ಪ, ಎರಡು ವರ್ಷ, ನಲವತ್ತು ಸಾವಿರ ಕಿಲೋಮೀಟರು. ಗಾಡಿ ಓಡಿರುವುದು ಹನ್ನೊಂದು ಸಾವಿರದ ಆರುನೂರು” ಎಂದೆ. “ಕ್ಲಚ್ಚು ಸವೆಯುವ ಸಾಮಾನು ಸಾರ್, ವಾರಂಟಿಗೆ ಬರುವುದಿಲ್ಲ. ಗಾಡಿ ಯಾರು ಓಡಿಸುತ್ತಾರೆ?” ಎಂದು ಕೇಳಿದ. ಹೇಳಿದೆ. “ಹಾಗಾದರೆ ಅದೇ ಕಾರಣ. ಮೇಡಂ ಹಾಫ್ ಕ್ಲಚ್ಚಿನಲ್ಲಿ ಓಡಿಸುತ್ತಾರೆ” ಎಂದು ತೀರ್ಪು ಕೊಟ್ಟೇಬಿಟ್ಟ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾನು ಆ ತೀರ್ಪನ್ನು ಒಪ್ಪಿಕೊಂಡೆ. ಆಗ ಉಪ್ಪಲ್ಲಿನಿಂದ ನಾರಪಲ್ಲಿಯವರೆಗೆ ಎತ್ತರದ ರಸ್ತೆಯ ಕಾಮಗಾರಿ ನಡೆದಿತ್ತು. ಕಂಬಗಳ ನಡುವೆ ಗಾಡಿಗಳು ಇರುವೆಸಾಲಿನಂತೆ ತೆವಳುತ್ತಿದ್ದವು. ದಿನವೂ ಎರಡು ಸಲ ಆ ದಾರಿಯಲ್ಲಿ ಹೋಗಿಬರುವವಳು ಕ್ಲಚ್ಚಿನ ಮೇಲೆ ಕಾಲಿಟ್ಟಿರಲೇಬೇಕು ಎಂದು ನಾನೇ ತರ್ಕ ಮಾಡಿದೆ. ದುರಸ್ತಿಗೆ ಒಪ್ಪಿಗೆ ಕೊಟ್ಟೆ. ಸಂಜೆ ಮನೆಯಲ್ಲಿ, “ನೀನು ಕಾಲು ತೆಗೆಯುವುದೇ ಇಲ್ಲವಂತೆ” ಎಂದೆ. ಆಕೆ ಏನೂ ಅನ್ನಲಿಲ್ಲ. ಆಗಸ್ಟ್ 30ಕ್ಕೆ 18,788 ರೂಪಾಯಿ ತೆತ್ತು ಗಾಡಿಯನ್ನು ಬಿಡಿಸಿಕೊಂಡು ಬಂದೆವು. ಮರುದಿನ ಬೆಳಿಗ್ಗೆ ಆಕೆ ಕಾರಿನ ಕೀಲಿಯನ್ನು ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿ, ಊಟದ ಡಬ್ಬಿ ಎತ್ತಿಕೊಂಡು, ಉಪ್ಪಲ್ಲಿನ ಬಸ್ಸು ಹಿಡಿದಳು. ಹೀಗೆ ಹತ್ತು ದಿನ. ಏಳು ಲಕ್ಷದ ಗಾಡಿ ಗೇಟಿನೊಳಗೆ ಧೂಳು ತಿನ್ನುತ್ತ ನಿಂತಿತ್ತು.

ಅಷ್ಟರಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಹಳೆಯ ಸಾಮಾನನ್ನು ಕೇಳಿ ತಂದುದು. ಅದೂ ಜಾಣತನದಿಂದಲ್ಲ, ಅಭ್ಯಾಸಬಲದಿಂದ. ನಮ್ಮ ತಂದೆಯವರು ಸ್ಕೂಟರನ್ನು ದುರಸ್ತಿಗೆ ಬಿಟ್ಟರೆ ತೆಗೆದುಹಾಕಿದ ಪ್ರತಿಯೊಂದು ಸಾಮಾನನ್ನೂ ಪತ್ರಿಕೆಯಲ್ಲಿ ಸುತ್ತಿಸಿಕೊಂಡು ಬರುತ್ತಿದ್ದರು. ಹೊಸದನ್ನು ನಿಜವಾಗಿ ಹಾಕಿದ್ದಾರೆಯೇ ಎಂದು ತಿಳಿಯಲು ಅದೊಂದೇ ದಾರಿ ಎನ್ನುವುದು ಅವರ ನಂಬಿಕೆ. ವರ್ಕ್‌ಶಾಪಿನವರು ಮೊದಲು “ಗುಜರಿಗೆ ಹೋಯಿತು” ಎಂದರು. ನಾನು ಕುರ್ಚಿ ಬಿಟ್ಟು ಏಳದೆ ಕುಳಿತದ್ದನ್ನು ಕಂಡು ಅರ್ಧ ಗಂಟೆಯಲ್ಲಿ ಹುಡುಕಿ ತಂದರು. ಕಪ್ಪಗಿನ ತಟ್ಟೆ, ಜಿಡ್ಡು ಜಿಡ್ಡು. ಪತ್ರಿಕೆಯಲ್ಲಿ ಸುತ್ತಿ ಮಾಳಿಗೆಯ ಮೂಲೆಗೆ ಇಟ್ಟೆ.

ತಿಂಗಳ ಎರಡನೆಯ ಭಾನುವಾರ ಮನೆಯ ಲೆಕ್ಕ ಬರೆಯುವುದು ನನ್ನ ಹೆಂಡತಿಯ ಪದ್ಧತಿ. ಸೆಪ್ಟೆಂಬರ್ 10ರಂದು ಆ ಬಿಲ್ಲನ್ನೂ ಮುಂದೆ ಹಾಕಿಕೊಂಡು ಕುಳಿತಿದ್ದಳು. ಗಣಿತದವರು ಬಿಲ್ಲನ್ನು ಓದುವುದಿಲ್ಲ, ಬಿಡಿಸುತ್ತಾರೆ. ಪ್ಲೇಟುಗಳ ಜೋಡಿಗೆ 7,800, ಬೇರಿಂಗಿಗೆ 1,900, ಕೂಡಿಸಿದರೆ 9,700, ಅದರ ಮೇಲೆ ಆಗ ಇದ್ದ ಶೇಕಡಾ 28ರ ತೆರಿಗೆ 2,716. ಕೂಲಿ 4,500, ಅದಕ್ಕೆ ಶೇಕಡಾ 18ರಂತೆ 810. ಗೇರ್ ಆಯಿಲು ತೆರಿಗೆ ಸಹಿತ 1,062. ಒಟ್ಟು ಸರಿಯಾಗಿಯೇ ಇತ್ತು. ಆದರೂ ಪೆನ್ನನ್ನು ಕೆಳಗಿಡಲಿಲ್ಲ.

“ಇಲ್ನೋಡ್ರಿ, ಈ ಕಡೀ ಸಾಲು ಓದ್ರಿ.”

ಓದಿದೆ. ಸಣ್ಣ ಅಕ್ಷರದಲ್ಲಿ ಹೀಗಿತ್ತು: ಆಯಿಲ್ ಸೀಲು, ಕ್ರಾಂಕ್ ಶಾಫ್ಟ್ ಹಿಂಭಾಗ, ಸಂಖ್ಯೆ 1, ವಾರಂಟಿ, ಮೊತ್ತ 0.

“ಸೊನ್ನೆ ರೂಪಾಯಿ ಅಲ್ಲವೆ, ಅದಕ್ಕೇನು?” ಎಂದೆ.

“ಸೊನ್ನಿಗೆ ಬೆಲೆ ಇರ್ತದ್ರಿ. ಇದನ್ನ ನಾವು ಕೇಳಿಲ್ಲ, ಅವರು ಹೇಳಿಲ್ಲ. ಪುಕ್ಕಟೆ ಯಾಕ ಹಾಕಿದ್ರು? ಇದು ಎಲ್ಲಿ ಇರ್ತದ ಅಂತ ಮೊದ್ಲು ತಿಳ್ಕೋರಿ.”

ತಿಳಿದುಕೊಂಡೆವು. ವಾಚಕರಿಗೂ ಎರಡು ಮಾತಿನಲ್ಲಿ ಹೇಳುವೆ, ಏಕೆಂದರೆ ಇಡೀ ವ್ಯಾಜ್ಯ ನಿಂತಿರುವುದು ಇದರ ಮೇಲೆ. ಎಂಜಿನ್ನಿನ ಹಿಂತುದಿಯಲ್ಲಿ ಒಂದು ಭಾರವಾದ ಚಕ್ರ ಸದಾ ತಿರುಗುತ್ತಿರುತ್ತದೆ. ಅದಕ್ಕೆ ಫ್ಲೈವ್ಹೀಲು ಎಂದು ಹೆಸರು. ಅದರ ಮೈಗೆ ಅಂಟಿಕೊಳ್ಳುವಂತೆ ಒಂದು ಒರಟು ತಟ್ಟೆಯನ್ನು ಸ್ಪ್ರಿಂಗಿನ ಬಲದಿಂದ ಒತ್ತಿ ಹಿಡಿದಿರುತ್ತಾರೆ. ಈ ತಟ್ಟೆಯೇ ಕ್ಲಚ್ ಪ್ಲೇಟು. ಅದು ಚಕ್ರದ ಜೊತೆಗೆ ತಿರುಗಿದರೆ ಎಂಜಿನ್ನಿನ ಶಕ್ತಿ ಗಾಲಿಗೆ ಮುಟ್ಟುತ್ತದೆ. ನಾವು ಪೆಡಲು ತುಳಿದಾಗ ಒತ್ತಡ ಸಡಿಲಿ ತಟ್ಟೆ ಬೇರೆಯಾಗುತ್ತದೆ. ಪೆಡಲನ್ನು ಅರ್ಧ ಮಾತ್ರ ಒತ್ತಿ ಹಿಡಿದರೆ ತಟ್ಟೆ ಪೂರ್ತಿ ಅಂಟಿಕೊಳ್ಳದೆ, ಪೂರ್ತಿ ಬಿಡದೆ, ಉಜ್ಜುತ್ತ ಸವೆಯುತ್ತದೆ. ಹಾಫ್ ಕ್ಲಚ್ಚು ಎಂಬ ಆರೋಪದ ಅರ್ಥ ಇಷ್ಟೆ. ಅದು ಸುಳ್ಳು ಆರೋಪವೇನಲ್ಲ. ನಮ್ಮ ಊರಿನ ಟ್ರಾಫಿಕ್ಕಿನಲ್ಲಿ ಎಷ್ಟೋ ಗಾಡಿಗಳ ಕ್ಲಚ್ಚು ಹೀಗೆಯೇ ಹಾಳಾಗುತ್ತದೆ. ಆದರೆ ತಟ್ಟೆ ಜಾರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಎಣ್ಣೆ ಕೈಯಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಲು ಹೋದರೆ ಏನಾಗುತ್ತದೆ? ಕೈ ಜಾರುತ್ತದೆ, ಮುಚ್ಚಳ ಅಲ್ಲಾಡುವುದಿಲ್ಲ. ಎಂಜಿನ್ನಿನ ಎಣ್ಣೆ ಈ ತಟ್ಟೆಯ ಮೇಲೆ ಸೋರಬಾರದೆಂದು ಶಾಫ್ಟಿನ ಸುತ್ತ ಒಂದು ಉಂಗುರವನ್ನು ಕೂಡಿಸಿರುತ್ತಾರೆ. ಅದೇ ಆ ಸೊನ್ನೆ ರೂಪಾಯಿಯ ಆಯಿಲ್ ಸೀಲು!

ನಾನು ಮಾಳಿಗೆಗೆ ಓಡಿದೆ. ಪತ್ರಿಕೆಯ ಪೊಟ್ಟಣ ಅಲ್ಲಿರಲಿಲ್ಲ. ನೋಡಿದರೆ ಬಚ್ಚಲಲ್ಲಿ ಅವ್ವ ತಟ್ಟೆಯನ್ನು ಮುಂದಿಟ್ಟುಕೊಂಡು, ಪಕ್ಕದಲ್ಲಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಅಣಿಮಾಡಿಕೊಂಡು ಕುಳಿತಿದ್ದಾಳೆ. ತುಳಸಿಯ ಕುಂಡದ ಕೆಳಗೆ ಇಡಲು ಚೆನ್ನಾಗಿದೆಯೆಂದು ಆಕೆಯ ಎಣಿಕೆ. ಇನ್ನೈದು ನಿಮಿಷ ತಡವಾಗಿದ್ದರೆ ನಮ್ಮ ಏಕಮಾತ್ರ ಸಾಕ್ಷಿ ಹುಣಸೆಹುಳಿಯಲ್ಲಿ ಕರಗಿ ಮೋರಿಗೆ ಹರಿದು ಹೋಗುತ್ತಿತ್ತು. ಅವ್ವನ ಕೈಯಿಂದ ಅದನ್ನು ಕಸಿದುಕೊಂಡುದಕ್ಕೆ ಆ ದಿನ ಮಾತು ಕೇಳಬೇಕಾಯಿತು.

ಸಿಕಂದರಾಬಾದಿನ ರಾಣಿಗಂಜಿಗೆ ಹೋದವರಿಗೆ ಗೊತ್ತು. ಮೋಟಾರಿನ ಸಾಮಾನುಗಳ ಅಂಗಡಿಗಳು ಅಲ್ಲಿ ಸಾಲುಗಟ್ಟಿವೆ. ಆ ಓಣಿಗಳಲ್ಲಿ ಒಬ್ಬ ವೃದ್ಧ ಉಸ್ತಾದರು ನಮ್ಮ ತಂದೆಯವರ ಕಾಲದಿಂದ ಪರಿಚಯ. ತಟ್ಟೆಯನ್ನು ಅವರ ಮುಂದೆ ಬಿಚ್ಚಿದೆ, ಕಥೆ ಹೇಳಲಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು, ಉಗುರಿನಿಂದ ಕೆರೆದು ಮೂಸಿದರು. “ಏ ಜಲಾ ನೈ ಸಾಬ್, ತೇಲ್ ಪೀ ಲಿಯಾ” ಎಂದರು. ಇದು ಸುಟ್ಟದ್ದಲ್ಲ, ಎಣ್ಣೆ ಕುಡಿದದ್ದು. ಸವೆತದಿಂದ ಹಾಳಾದ ತಟ್ಟೆಯಲ್ಲಿ ಮೇಲಿನ ಪದರ ತೆಳುವಾಗಿ ರಿವೆಟ್ಟಿನ ತಲೆಗಳು ಹೊರಗೆ ಕಾಣುತ್ತವೆ. ಇದರಲ್ಲಿ ಪದರ ಇನ್ನೂ ದಪ್ಪಗಿದೆ, ರಿವೆಟ್ಟುಗಳು ಆಳದಲ್ಲಿವೆ. ಎಣ್ಣೆ ಹೀರಿಕೊಂಡ ಮೇಲೆ ಜಾರಿ ಜಾರಿ ಕಾದಿದೆ, ವಾಸನೆ ಅದರದ್ದು. ಅದೂ ಗೇರ್ ಪೆಟ್ಟಿಗೆಯ ಎಣ್ಣೆಯಲ್ಲ, ಎಂಜಿನ್ನಿನ ಎಣ್ಣೆ. ಗೇರಿನ ಎಣ್ಣೆಗೆ ಗಂಧಕದ ನಾತ ಬೇರೆ ಇರುತ್ತದೆ. ಇಷ್ಟನ್ನು ಹೇಳಲು ಅವರಿಗೆ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಸಾಕಾಯಿತು. ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ. ಕ್ಷಮೆ ಕೇಳಿದೆನೆಂದು ಹೇಳಿದರೆ ಸುಳ್ಳಾದೀತು. ಮೊಳೆಯ ಮೇಲಿನ ಕೀಲಿಯನ್ನು ತೆಗೆದು ಆಕೆಯ ಚೀಲದಲ್ಲಿ ಇಟ್ಟೆ. ಆಕೆ ಅದನ್ನು ಮರಳಿ ಮೊಳೆಗೇ ಹಾಕಿದಳು.

“ಜಾಬ್ ಕಾರ್ಡಿನ್ಯಾಗ ಏನ್ ಬರದಾರ ಓದೀರೇನು? ಚಾಲಕರ ತಪ್ಪು ಬಳಕೆ ಅಂತ ಬರದಾರ. ಅದನ್ನ ಅಳಿಸೂ ತನಕ ನಾ ಮುಟ್ಟಾಂಗಿಲ್ಲ.”

ಆಗ ನನಗೆ ವಿಷಯದ ಇನ್ನೊಂದು ಮುಖ ಹೊಳೆಯಿತು. ಆ ಮಾತು ಕಂಪನಿಯ ದಾಖಲೆಯಲ್ಲಿ ಉಳಿದರೆ ನಾಳೆ ಗೇರ್ ಪೆಟ್ಟಿಗೆ ಕೆಟ್ಟರೂ ಅದನ್ನೇ ತೋರಿಸಿ ಬಾಗಿಲು ಮುಚ್ಚಬಹುದು. ಹಣ ಹೋದರೆ ಒಂದು ಸಲ ಹೋದೀತು. ಬರಹ ವಾರಂಟಿ ಮುಗಿಯುವವರೆಗೆ ನಮ್ಮ ಬೆನ್ನಿಗಿರುತ್ತದೆ.

ಅಂದು ರಾತ್ರಿ ಗಾಡಿಯ ಪುಸ್ತಕ ಹೊರಗೆ ಬಂದಿತು. ವಾರಂಟಿಯ ಪುಟದಲ್ಲಿ, ವಸ್ತುವಿನಲ್ಲಾಗಲಿ ತಯಾರಿಕೆಯಲ್ಲಾಗಲಿ ದೋಷವಿದ್ದ ಭಾಗವನ್ನು ಪುಕ್ಕಟೆ ದುರಸ್ತಿ ಮಾಡಲಾಗುವುದು ಅಥವಾ ಬದಲಿಸಲಾಗುವುದು ಎಂದಿತ್ತು. ಅದರ ಕೆಳಗೆ ಹೊರತುಪಡಿಸಿದ ವಸ್ತುಗಳ ಪಟ್ಟಿ: ಬ್ರೇಕಿನ ಪ್ಯಾಡು, ವೈಪರಿನ ರಬ್ಬರು, ಕ್ಲಚ್ಚಿನ ಪದರ ಮುಂತಾದುವು. ಆದರೆ ಪಟ್ಟಿಯ ತಲೆಯಲ್ಲಿ ‘ಸಹಜ ಸವೆತದಿಂದ’ ಎಂಬ ಪದಗಳಿದ್ದವು. ಅಂದರೆ ಕ್ಲಚ್ಚು ಎಂಬ ವಸ್ತುವನ್ನು ಹೊರಗಿಟ್ಟಿರಲಿಲ್ಲ. ಸವೆತ ಎಂಬ ಕಾರಣವನ್ನು ಹೊರಗಿಟ್ಟಿದ್ದರು. ಈ ಭೇದವನ್ನು ಹಿಡಿಯಲು ನನಗೆ ಮೂರು ಸಲ ಓದಬೇಕಾಯಿತು. ವರ್ಕ್‌ಶಾಪಿನ ಹುಡುಗನಿಗೆ ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ. ಅದೇ ಪುಟದಲ್ಲಿ ಇನ್ನೊಂದು ಸಾಲು, ದೋಷದ ಪರಿಣಾಮವಾಗಿ ಉಂಟಾಗುವ ನಷ್ಟಕ್ಕೆ ಕಂಪನಿ ಹೊಣೆಯಲ್ಲ ಎಂದು. ಮುಂದೆ ಮ್ಯಾನೇಜರು ಈ ಸಾಲನ್ನೇ ಹಿಡಿದುಕೊಂಡರು: ಸೀಲು ಕೆಟ್ಟಿತ್ತು, ಕೊಟ್ಟಿದ್ದೇವೆ, ತಟ್ಟೆ ಅದರ ಪರಿಣಾಮ, ಅದಕ್ಕೆ ನಾವಿಲ್ಲ! ನನ್ನ ಹೆಂಡತಿ ಆ ಸಾಲನ್ನು ಪೂರ್ತಿ ಓದಿಸಿದಳು. ಸಮಯದ ನಷ್ಟ, ಅನಾನುಕೂಲ, ವ್ಯಾಪಾರದ ನಷ್ಟ ಎಂದು ಉದಾಹರಣೆಗಳಿದ್ದವು. ಗಾಡಿಯದೇ ಇನ್ನೊಂದು ಭಾಗ ಎಂದಿರಲಿಲ್ಲ. ಮೇಲಾಗಿ, “ನಿನ್ನೆತನಕ ಡ್ರೈವರ್ ತಪ್ಪು ಅಂದ್ರಿ, ಇವತ್ತು ಸೀಲಿನ ಪರಿಣಾಮ ಅಂತೀರಿ. ಎರಡರಾಗ ಯಾವುದು ಖರೆ, ಬರದು ಕೊಡ್ರಿ” ಎಂದಳು. ಬರೆದುಕೊಡಲಿಲ್ಲ.

ಹಣ ಕಟ್ಟುವ ಮೊದಲೇ ಇದೆಲ್ಲ ಗೊತ್ತಿದ್ದರೆ ಕಟ್ಟುತ್ತಿರಲಿಲ್ಲ ಎಂದು ನಾನು ಹಲುಬುತ್ತಿದ್ದೆ. ಕೆಳಮನೆಯ ವಕೀಲರು ನಕ್ಕರು. 1872ರ ಕರಾರು ಕಾಯಿದೆಯ 170ನೆಯ ಕಲಮಿನಂತೆ, ವಸ್ತುವಿನ ಮೇಲೆ ದುಡಿದವನು ತನ್ನ ಕೂಲಿ ಬರುವವರೆಗೆ ಅದನ್ನು ತಡೆದಿಟ್ಟುಕೊಳ್ಳಬಲ್ಲನಂತೆ. ಅಗಸನಿಗೂ ಅಕ್ಕಸಾಲಿಗನಿಗೂ ಇರುವ ಹಕ್ಕು ಮೋಟಾರು ದುರಸ್ತಿಯವನಿಗೂ ಇದೆ. ಗಾಡಿ ಬೇಕೆಂದರೆ ಹಣ ಕಟ್ಟುವುದೇ ಮೇಲು. ಆದರೆ ಬಿಲ್ಲಿನ ಮೇಲೆ ಸಹಿಯ ಪಕ್ಕದಲ್ಲಿ ‘ಆಕ್ಷೇಪಣೆಗೆ ಒಳಪಟ್ಟು ಪಾವತಿ’ ಎಂದು ಬರೆದು, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕಿತ್ತು. ನಾನು ಬರೆದಿರಲಿಲ್ಲ. ವಾಚಕರು ಬರೆಯಬೇಕು.

ಕಾನೂನಿನ ವಿಷಯ ಬಂದುದರಿಂದ ನಮಗೆ ತುಂಬ ಹತ್ತಿರದ ಒಂದು ಮೊಕದ್ದಮೆಯನ್ನು ಹೇಳಬೇಕು. ಏಕೆಂದರೆ ನಾನು ಆಗ ಸಿಟ್ಟಿನಲ್ಲಿ ಹೊಸ ಕಾರನ್ನೇ ಕೇಳುವವನಿದ್ದೆ. ಜಮ್ಮುವಿನ ಒಬ್ಬ ಗಿರಾಕಿಯ ಮಾರುತಿ ಗಾಡಿಯಲ್ಲಿಯೂ ತಕರಾರು ಇದ್ದುದು ಕ್ಲಚ್ಚಿನದೇ. ಕೆಳಗಿನ ಹಂತದಲ್ಲಿ ಇಡೀ ವಾಹನವನ್ನೇ ಬದಲಿಸಿಕೊಡಬೇಕೆಂದು ಆಜ್ಞೆಯಾಗಿತ್ತು. ಮಾರುತಿ ಉದ್ಯೋಗ್ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. 2006ರ ಮಾರ್ಚಿನಲ್ಲಿ ಆ ನ್ಯಾಯಾಲಯ, ವಾರಂಟಿಯ ಕರಾರು ಕೆಟ್ಟ ಭಾಗವನ್ನು ಸರಿಪಡಿಸುವುದಕ್ಕೆ ಅಥವಾ ಬದಲಿಸುವುದಕ್ಕೆ ಮಾತ್ರ ಸೀಮಿತ, ಕ್ಲಚ್ಚು ಕೆಟ್ಟರೆ ಗಾಡಿಯನ್ನೇ ಬದಲಿಸೆಂದು ಹೇಳಲಾಗದು ಎಂದಿತು. ಗಿರಾಕಿ ಪಟ್ಟ ತೊಂದರೆಗೆ ಪರಿಹಾರವನ್ನು ಮಾತ್ರ ಕೊಡಿಸಿತು. 1930ರ ಸರಕು ಮಾರಾಟದ ಕಾಯಿದೆಯ ಹಳೆಯ ವ್ಯಾಖ್ಯೆಯೂ ಹೆಚ್ಚು ಕಡಿಮೆ ಇದೇ: ವಾರಂಟಿ ಮುರಿದರೆ ನಷ್ಟ ಕೇಳಬಹುದು, ಸರಕನ್ನು ತಿರಸ್ಕರಿಸಲಾಗದು. ಕಂಪನಿಗೆ ಗೆಲುವಾದ ತೀರ್ಪೆಂದು ಮೊದಲು ನನಗೆ ಬೇಸರವಾಯಿತು. ಮತ್ತೆ ಓದಿದಾಗ ಅದರೊಳಗೇ ನಮ್ಮ ಗೆಲುವೂ ಕಂಡಿತು. ಕ್ಲಚ್ಚು ಸವೆಯುವ ಸಾಮಾನು, ಅದಕ್ಕೆ ವಾರಂಟಿಯೇ ಇಲ್ಲ ಎಂದು ಅಲ್ಲಿ ಯಾರೂ ತೀರ್ಮಾನಿಸಲಿಲ್ಲವಲ್ಲ!

ಎದುರಾಳಿಗಳು ಯಾರು ಎನ್ನುವುದೂ ಮುಖ್ಯ. ಮಾರುವವ ಬೇರೆ, ತಯಾರಿಸುವವ ಬೇರೆ. ಒಬ್ಬರ ತಪ್ಪಿಗೆ ಇನ್ನೊಬ್ಬರು ತಾನಾಗಿ ಹೊಣೆಯಾಗುವುದಿಲ್ಲ. ಗೋವೆಯ ಕಾರೊಂದರ ಮೊಕದ್ದಮೆಯಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು ಟಾಟಾ ಮೋಟಾರ್ಸ್ ಕಂಪನಿಯನ್ನು ಈ ಕಾರಣದಿಂದಲೇ ಬಿಟ್ಟಿತು. ತಪ್ಪು ಮಾಡಿದವನು ಡೀಲರು, ಅದು ಕಂಪನಿಗೆ ತಿಳಿದಿತ್ತೆಂದು ರುಜುವಾತಾಗಲಿಲ್ಲ. ಆದ್ದರಿಂದ ನಾವು ಮೊದಲ ಪತ್ರದಿಂದಲೇ ಇಬ್ಬರನ್ನೂ ಸೇರಿಸಿ ಬರೆದೆವು.

ಪತ್ರಗಳ ಪುರಾಣವನ್ನು ಉದ್ದಮಾಡುವುದಿಲ್ಲ. ಸೆಪ್ಟೆಂಬರಿನಲ್ಲಿ ಬಿಲ್ಲು, ಜಾಬ್ ಕಾರ್ಡು, ತಟ್ಟೆಯ ಎರಡೂ ಮಗ್ಗುಲಿನ ಚಿತ್ರ ಇವುಗಳೊಡನೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದೆವು. ಕೇಳಿದ್ದು ಎರಡೇ: ಹಣ ಹಿಂದಕ್ಕೆ, ದಾಖಲೆಯ ತಿದ್ದುಪಡಿ. ಹದಿನೈದು ದಿನಗಳ ಮೇಲೆ ಉತ್ತರ ಬಂತು. ತಪ್ಪೇನೂ ಇಲ್ಲ, ಆದರೂ ಸೌಹಾರ್ದದಿಂದ ಬಿಡಿಭಾಗಗಳ ಮೇಲೆ ಶೇಕಡಾ 30 ಬಿಡುತ್ತೇವೆ ಎಂದು. ನಾನು ಒಪ್ಪೋಣವೆಂದೆ. ಗಣಿತ ಒಪ್ಪಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಫೋನು ಮಾಡಿದೆವು. ಅವರು ದೂರನ್ನು ಬರೆದುಕೊಂಡು ಕಂಪನಿಗೆ ಕಳಿಸಿದರು. ಅಲ್ಲಿಂದ ಬಂದುದು ಅದೇ ಶೇಕಡಾ 30ರ ಮಾತು. ಸಹಾಯವಾಣಿ ಕೋರ್ಟಲ್ಲ, ಮಧ್ಯಸ್ಥಿಕೆ ಮಾಡಬಹುದು ಅಷ್ಟೆ. ಆದರೆ ಅವರು ಕೊಟ್ಟ ದೂರಿನ ಸಂಖ್ಯೆ ಮುಂದೆ ಕಡತಕ್ಕೆ ತೂಕ ತಂದಿತು. ನವೆಂಬರಿನಲ್ಲಿ ವಕೀಲರ ಕೈಯಲ್ಲಿ ನೋಟೀಸು ಬರೆಸಿದೆವು. ಉತ್ತರವಿಲ್ಲ.

2024ರ ಜನವರಿಯಲ್ಲಿ ಹೈದರಾಬಾದಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಿದೆವು. ಈ ಏರ್ಪಾಡು ನಮ್ಮ ದೇಶಕ್ಕೆ ಬಂದುದು 1986ರ ಗ್ರಾಹಕ ರಕ್ಷಣಾ ಕಾಯಿದೆಯಿಂದ. ಅದರ ಜಾಗಕ್ಕೆ ಬಂದ 2019ರ ಕಾಯಿದೆ 2020ರ ಜುಲೈಯಲ್ಲಿ ಜಾರಿಯಾಯಿತು. ನಮ್ಮಂಥ ವಲಸೆಗಾರರಿಗೆ ಹೊಸ ಕಾಯಿದೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ಗಾಡಿಯನ್ನು ರಾಯಚೂರಿನಲ್ಲಿ ಕೊಂಡು ಹೈದರಾಬಾದಿನಲ್ಲಿ ವಾಸಿಸುವವನು ರಾಯಚೂರಿಗೆ ಓಡಬೇಕಾಗಿಲ್ಲ. ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗಕ್ಕೇ ದೂರು ಕೊಡಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಅವಧಿ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ನಮ್ಮಲ್ಲಿ ಕಾರಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿದುದರಿಂದ 200 ರೂಪಾಯಿ ಕಟ್ಟಿದೆವು. ವಕೀಲರಿಲ್ಲದೆಯೂ ಸ್ವತಃ ವಾದಿಸಬಹುದು. ಮನೆಯಲ್ಲಿ ಕುಳಿತೇ ಕಂಪ್ಯೂಟರಿನ ಮೂಲಕ ದೂರು ಕೊಡುವ ವ್ಯವಸ್ಥೆಗೆ ಆಗ ಇ-ದಾಖಿಲ್ ಎಂದು ಹೆಸರಿತ್ತು; 2025ರ ಜನವರಿಯಿಂದ ಅದು ಇ-ಜಾಗೃತಿಯಾಗಿದೆ.

ವಕೀಲರು ಎಚ್ಚರಿಕೆಯನ್ನೂ ಕೊಟ್ಟಿದ್ದರು. ದೋಷವಿತ್ತೆಂದು ತೋರಿಸುವ ಭಾರ ದೂರುದಾರನ ಮೇಲೆಯೇ. ರಾಣಿಗಂಜಿನ ಉಸ್ತಾದರ ಮೂಗನ್ನು ಆಯೋಗ ಪುರಾವೆಯೆಂದು ಎಣಿಸದಿರಬಹುದು. ಬೇಕೆಂದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಅದಕ್ಕಿದೆ. ಹಾಗಾಗಿ ತಟ್ಟೆಯನ್ನು ಒರೆಸದೆ, ತೊಳೆಯದೆ, ಬಟ್ಟೆಯಲ್ಲಿ ಸುತ್ತಿ ಇಡಬೇಕು. ಅವ್ವನಿಗೆ ಇದನ್ನು ವಿವರಿಸುವುದು ಆಯೋಗಕ್ಕೆ ವಿವರಿಸುವುದಕ್ಕಿಂತ ಕಷ್ಟವಾಯಿತು. “ಜಿಡ್ಡನ್ನ ಜ್ವಾಪಾನ ಮಾಡೂ ಮಂದಿ ನಿಮ್ಮನ್ನ ಬಿಟ್ಟು ಇನ್ನೆಲ್ಲೂ ನೋಡ್ಲಿಲ್ಲ” ಎಂದಳು. ಆದರೆ ವಕೀಲರ ಧೈರ್ಯವೆಲ್ಲ ಇದ್ದುದು ತಟ್ಟೆಯ ಮೇಲೂ ಅಲ್ಲ, ಆ ಕೊನೆಯ ಸಾಲಿನ ಮೇಲೆ. ಸೀಲು ವಾರಂಟಿಯಲ್ಲಿ ಬದಲಾಗಿದೆ ಎಂದು ಎದುರಾಳಿಯ ಕೈಬರಹದಲ್ಲಿಯೇ ಇದೆ. ದೋಷವಿಲ್ಲದ ಸೀಲನ್ನು ಯಾರೂ ಧರ್ಮಕ್ಕೆ ಬದಲಿಸುವುದಿಲ್ಲ.

ನೋಟೀಸು ಮುಟ್ಟಿದ ಮೇಲೆ ಉತ್ತರ ಕೊಡಲು ಎದುರಾಳಿಗೆ 30 ದಿನ, ಹೆಚ್ಚೆಂದರೆ ಇನ್ನು 15. ಅದಕ್ಕಿಂತ ಒಂದು ದಿನವೂ ಹೆಚ್ಚಿಸುವಂತಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಉಳಿದಂತೆ ಆಯೋಗಗಳು ಕಾಯಿದೆ ಹೇಳುವ ವೇಗದಲ್ಲಿ ನಡೆಯುವುದಿಲ್ಲ. ಮೂರು ತಿಂಗಳಲ್ಲಿ ತೀರ್ಮಾನವೆಂದು ಪುಸ್ತಕದಲ್ಲಿದೆ. ನಾಂಪಲ್ಲಿಯ ಬೆಂಚಿನ ಮೇಲೆ ನಮ್ಮ ಪಕ್ಕ ಕುಳಿತವರಲ್ಲಿ ಮೂರು ವರ್ಷದವರೂ ಇದ್ದರು. ನಮ್ಮ ಅದೃಷ್ಟ ಚೆನ್ನಾಗಿತ್ತು. ಉತ್ತರದ ಗಡುವು ಮುಗಿಯುವ ಮುಂಚೆಯೇ ಡೀಲರಿನ ವಕೀಲರು ಸಂಧಾನದ ಮಾತೆತ್ತಿದರು.

ಸಂಧಾನಕ್ಕೆ ಕುಳಿತಾಗ ಅವರು 17,726 ರೂಪಾಯಿ ಹಿಂದಿರುಗಿಸಲು ಒಪ್ಪಿದರು. ಗೇರ್ ಆಯಿಲಿನ 1,062 ಬಿಡಬೇಕೆಂದರು. ನನ್ನ ಹೆಂಡತಿ ಕ್ಷಣ ಯೋಚಿಸಿ, ಎಣ್ಣೆ ಹೊಸದಾಗಿ ಗಾಡಿಯೊಳಗೇ ಇದೆ, ಎಂದಾದರೂ ಬದಲಿಸಬೇಕಾದದ್ದೇ, ಅದನ್ನು ಕೇಳುವುದು ನ್ಯಾಯವಲ್ಲ ಎಂದಳು. ಮನೋವ್ಯಥೆಗೆಂದು ವಕೀಲರು ದೂರಿನಲ್ಲಿ ಸೇರಿಸಿದ್ದ 25,000ವನ್ನೂ ಬಿಟ್ಟಳು. ನನಗೆ ಸ್ವಲ್ಪ ಸಂಕಟವಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಆದರೆ ದಾಖಲೆಯ ಮಾತು ಬಂದಾಗ ಎದುರಿನವರು ಹಿಂದೆಗೆದರು. ಹಣ ಕೊಡುತ್ತಿದ್ದೇವಲ್ಲ, ಬರಹದಿಂದ ನಿಮಗೇನು ಎಂದರು. “ನಾ ದಿನಾ ಐವತ್ತು ಹುಡುಗ್ರಿಗೆ ತಪ್ಪು ಉತ್ತರ ಹೊಡೆದು ಸರಿ ಉತ್ತರ ಬರೀರಿ ಅಂತ ಹೇಳ್ತೀನಿ. ನಿಮಗೂ ಅಷ್ಟ ಹೇಳೂದು” ಎಂದಳು. ಕನ್ನಡದಲ್ಲಿಯೇ ಹೇಳಿದಳು, ಕೆಳಮನೆಯ ವಕೀಲರು ತೆಲುಗಿನಲ್ಲಿ ಹೇಳುವ ಮೊದಲೇ ಎದುರಿನವರಿಗೆ ತಿಳಿದಿತ್ತೆಂದು ತೋರುತ್ತದೆ. 2024ರ ಏಪ್ರಿಲಿನಲ್ಲಿ ತಿದ್ದಿದ ಜಾಬ್ ಕಾರ್ಡು ಕೈಗೆ ಬಂದಿತು. ‘ಚಾಲಕರ ತಪ್ಪು ಬಳಕೆ’ ಇದ್ದ ಜಾಗದಲ್ಲಿ ‘ಸೀಲಿನ ಸೋರಿಕೆಯಿಂದ ಕ್ಲಚ್ ಪ್ಲೇಟಿಗೆ ಎಣ್ಣೆ’ ಎಂದಿತ್ತು. ಒಪ್ಪಂದವನ್ನು ಆಯೋಗದ ಮುಂದಿಟ್ಟು ದೂರನ್ನು ಮುಗಿಸಿದೆವು.

ಎಂಟು ತಿಂಗಳು ಬಸ್ಸಿನಲ್ಲಿ ತಿರುಗಿದಳೇ ಎಂದು ಕೇಳುವವರುಂಟು. ಹೌದು, ತಿರುಗಿದಳು. ಭಾನುವಾರಗಳಲ್ಲಿ ನನ್ನ ಭಾವಮೈದ ಬಂದು ಗಾಡಿಯನ್ನು ಒಂದು ಸುತ್ತು ಓಡಿಸಿ ಬ್ಯಾಟರಿಯ ಜೀವ ಉಳಿಸುತ್ತಿದ್ದ. ಹಟವೆನ್ನಿ, ಏನೆನ್ನಿ. ಹದಿನೇಳು ಸಾವಿರಕ್ಕೆ ಇಷ್ಟು ಓಡಾಟ ಗಿಟ್ಟುತ್ತದೆಯೇ ಎಂದು ಕೇಳಿದವರಿಗೂ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಗಿಟ್ಟುವುದಿಲ್ಲವೆಂದೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ, ಶೇಕಡಾ 30ರ ಸೌಹಾರ್ದ ಹುಟ್ಟುವುದೂ ಆ ಲೆಕ್ಕದಿಂದಲೇ.

ತಿದ್ದಿದ ಕಾಗದ ಬಂದ ಮರುದಿನ ಬೆಳಿಗ್ಗೆ ಏಳೂವರೆಗೆ ಮೊಳೆಯ ಮೇಲೆ ಕೀಲಿ ಇರಲಿಲ್ಲ. ಗೇಟು ತೆರೆದ ಸದ್ದು ಕೇಳಿ ನಾನು ಹೊರಗೆ ಬರುವಷ್ಟರಲ್ಲಿ ಗಾಡಿ ಓಣಿಯ ತಿರುವು ದಾಟಿತ್ತು. ಒಳಗೆ ಬಂದರೆ ಅವ್ವ ಮಾಳಿಗೆಯಿಂದ ಬಟ್ಟೆಯ ಗಂಟನ್ನು ಇಳಿಸಿಕೊಂಡು, ಹುಣಸೆಹಣ್ಣು ನೆನೆಹಾಕಿ ಕುಳಿತಿದ್ದಳು.

“ತಮ್ಮಾ, ಈಗರ ತೊಳೀಲೇನು?”